ಉಪ್ಪುನೀರಿನ ಅಕ್ವೇರಿಯಂಗೆ ಎಂಥ ಪಂಪ್ ಸೂಕ್ತ?

ಪ್ರಶ್ನೆ, ಸಾಗರದಿಂದ:
ನಮಸ್ಕಾರ. ನಮ್ಮ ಮನೆಯಲ್ಲಿ 200 ಲೀಟರ್‌ನ ಉಪ್ಪುನೀರಿನ ಅಕ್ವೇರಿಯಂ ಇದ್ದು, ಅದರಲ್ಲಿ ಎರಡು ಕ್ಲೌನ್ ಮೀನುಗಳೂ ಕೆಲವು ಮೆದು ಹವಳಗಳೂ ಇವೆ. ಈಗಿರುವ ಒಂದೇ ಪಂಪ್ ಗಂಟೆಗೆ 1,000 ಲೀಟರ್ ನೀರು ತಳ್ಳುತ್ತದೆಯಾದರೂ ಕಲ್ಲುಗಳ ಹಿಂಬದಿಯಲ್ಲಿ ಕಂದು ಗಸಿ ಕೂರುತ್ತಿದೆ. ಮಳೆಗಾಲದಲ್ಲಿ ಮರ ಬಿದ್ದು ತಾಸುಗಟ್ಟಲೆ ಕರೆಂಟ್ ಹೋಗುವ ನಮ್ಮ ಕಡೆಗೆ ಯಾವ ಪಂಪ್ ಹೊಂದುತ್ತದೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ, ಶಿವಮೊಗ್ಗದಿಂದ:
ನಿಮ್ಮ ಪಂಪ್ ನೀರನ್ನು ಗಂಟೆಗೆ ಐದು ಸಲ ಮಾತ್ರ ತಿರುಗಿಸುತ್ತಿದೆ. ಸಂಪ್‌ನಿಂದ (ಅಕ್ವೇರಿಯಂನ ಕೆಳಗಿಡುವ, ನೀರು ಸೋಸುವ ತೊಟ್ಟಿ) ನೀರೆತ್ತಲು ಅಷ್ಟು ಸಾಕು, ಅಕ್ವೇರಿಯಂ ಒಳಗಿನ ಹರಿವಿಗೆ ಸಾಲದು. ಮೆದು ಹವಳಗಳಿಗೆ ಸಾಮಾನ್ಯವಾಗಿ ಗಂಟೆಗೆ ಅಕ್ವೇರಿಯಂನ ನೀರಿನ 10ರಿಂದ 20 ಪಟ್ಟು ಹರಿವು ಬೇಕಾಗುವುದರಿಂದ, ಒಂದು ದೊಡ್ಡ ಪಂಪ್‌ನ ಬದಲು ಗಂಟೆಗೆ 1,500 ಲೀಟರ್‌ನ ಎರಡು ವೇವ್‌ಮೇಕರ್‌ಗಳನ್ನು (ಅಕ್ವೇರಿಯಂ ಒಳಗೇ ಕೂತು ನೀರನ್ನು ಅಲೆಯಾಡಿಸುವ ಪಂಪ್‌ಗಳು) ಎದುರುಬದುರಾಗಿ ಕೂರಿಸಿ, ಎರಡೂ ಧಾರೆಗಳು ನಡುವೆ ಡಿಕ್ಕಿಯಾಗಿ ಚದುರುವಂತೆ ಮಾಡಿ. ಧಾರೆ ನೇರವಾಗಿ ಹವಳಕ್ಕೆ ಬಡಿಯಬಾರದು; ಹಾಗೆ ಬಡಿದರೆ ಅದು ಮುದುಡಿಕೊಂಡು ಅರಳುವುದೇ ಇಲ್ಲ.

ಉತ್ತರ, ತೀರ್ಥಹಳ್ಳಿಯಿಂದ:
ಕರೆಂಟಿನ ವಿಷಯವನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಒಂದು ಆಷಾಢದ ರಾತ್ರಿ ನಮ್ಮಲ್ಲಿ ಪಂಪ್ ನಿಂತು, ಬೆಳಗಿನ ಜಾವ ಟಾರ್ಚ್ ಹಿಡಿದು ನೋಡಿದಾಗ ಮೀನುಗಳು ಮೇಲ್ಮೈಗೆ ಬಾಯಿ ಹಚ್ಚಿ ಏದುಸಿರು ಬಿಡುತ್ತಿದ್ದವು. ಆದ್ದರಿಂದ ಬ್ಯಾಟರಿಗೆ ಜೋಡಿಸಬಹುದಾದ ಡಿಸಿ ಪಂಪ್ ಒಂದಾದರೂ ಇರಲಿ, ಅದರ ಮುಖವನ್ನು ತುಸು ಮೇಲಕ್ಕೆ ತಿರುಗಿಸಿಡಿ; ಮೇಲ್ಮೈ ಕಲಕಿದರೇ ಆಮ್ಲಜನಕ ನೀರಿಗೆ ಸೇರುವುದು.

ಉತ್ತರ, ಕೊಪ್ಪದಿಂದ:
ಸಂಪ್‌ನ ಪಂಪ್ ಬದಲಿಸುವುದಾದರೆ, ಪೆಟ್ಟಿಗೆಯ ಮೇಲಿನ ಲೀಟರ್ ಲೆಕ್ಕ ನೀರನ್ನು ಎತ್ತರಕ್ಕೆ ಏರಿಸದಿದ್ದಾಗಿನದು ಎಂಬುದು ನೆನಪಿರಲಿ. ಪಂಪ್‌ನೊಳಗೆ ಸುಣ್ಣ ಕಟ್ಟಿದರೆ, ಬಿಚ್ಚಿ ನೀರು ಬೆರೆಸಿದ ವಿನೆಗರ್‌ನಲ್ಲಿ ನೆನೆಸಿ ತೊಳೆಯಿರಿ.