ಟಿ7 ರಿಯಾಕ್ಷನ್: ಟ್ಯೂಬ್ ಬೆಳ್ಳಗಾಗುತ್ತೆ, ಜೆಲ್‌ನಲ್ಲಿ ಆರ್‌ಎನ್‌ಎ ಇಲ್ಲ

ಪ್ರಶ್ನೆ: ನಮಸ್ಕಾರ. ಪ್ರಾಜೆಕ್ಟ್‌ಗಾಗಿ ಟಿ7 ಪಾಲಿಮರೇಸ್ (ಡಿಎನ್‌ಎ ಓದಿ ಆರ್‌ಎನ್‌ಎ ಕಟ್ಟುವ ಕಿಣ್ವ) ಬಳಸಿ 1200 ಬೇಸ್ ಉದ್ದದ ಆರ್‌ಎನ್‌ಎ ಮಾಡಬೇಕಿದೆ. ಪ್ಲಾಸ್ಮಿಡ್ಡನ್ನು (ಉಂಗುರದಂಥ ಡಿಎನ್‌ಎ) ಬ್ಯಾಕ್ಟೀರಿಯಾದಿಂದ ಮಿನಿಪ್ರೆಪ್ ಕಿಟ್‌ನಲ್ಲಿ ತೆಗೆದು, ಕೆಪಿಎನ್ ಒನ್ ಕಿಣ್ವದಿಂದ ಕತ್ತರಿಸಿ, 37 ಡಿಗ್ರಿಯಲ್ಲಿ 2 ಗಂಟೆ ಇಟ್ಟೆ. ಡಿಎನ್‌ಎ ಬ್ಯಾಂಡ್ ಕಾಣುತ್ತದೆ, ಆರ್‌ಎನ್‌ಎ ಇಲ್ಲ, ಜೆಲ್‌ನ ಕೆಳಗಡೆ ಮಾತ್ರ ಮಬ್ಬು. ಮೂರು ಸಲವೂ ಹೀಗೇ. ನೀರು ಡಿಇಪಿಸಿ (ಆರ್‌ಎನ್‌ಎ ಕತ್ತರಿಸುವ ಕಿಣ್ವಗಳನ್ನು ಕೆಡಿಸುವ ರಾಸಾಯನಿಕ) ಹಾಕಿದ್ದು. ಟ್ಯೂಬ್ ಬೆಳ್ಳಗೆ ಕದಡುತ್ತದೆ. ಪಾಲಿಮರೇಸ್ ಹಾಳಾಗಿದೆಯೇ?

ಉತ್ತರ: ಕದಡಿದ್ದು ಯಾವಾಗ? ಐಸ್ ಮೇಲೆ ಬೆರೆಸುವಾಗಲೇ ಆದರೆ, ಬಫರಿನ ಸ್ಪರ್ಮಿಡಿನ್ ನಿಮ್ಮ ಡಿಎನ್‌ಎಯನ್ನು ತಳಕ್ಕೆ ಇಳಿಸುತ್ತಿದೆ.

ಪ್ರಶ್ನೆ: ಬೆರೆಸಿದ್ದು ರೂಮ್ ಟೆಂಪರೇಚರ್‌ನಲ್ಲೇ. ಕದಡಿದ್ದು ಒಂದು ಗಂಟೆಯಾದ ಮೇಲೆ.

ಉತ್ತರ: ಹಾಗಾದರೆ ಪಾಲಿಮರೇಸ್ ಚೆನ್ನಾಗಿ ದುಡಿದಿದೆ. ಅದು ಟೆಂಪ್ಲೇಟ್ ಎಳೆಯನ್ನು 3′ನಿಂದ 5′ ಕಡೆಗೆ (ಇವು ಎಳೆಯ ಎರಡು ತುದಿಗಳ ಹೆಸರು) ಓದುತ್ತಾ ಆರ್‌ಎನ್‌ಎಗೆ ಒಂದೊಂದು ನ್ಯೂಕ್ಲಿಯೋಟೈಡ್ ಸೇರಿಸಿದಾಗಲೂ ಒಂದು ಪೈರೋಫಾಸ್ಫೇಟ್ ಕಳಚಿ ಬೀಳುತ್ತದೆ. ಅದು ಮೆಗ್ನೀಸಿಯಂ ಜೊತೆ ಕೂಡಿ ಬೆಳ್ಳಗೆ ಕಾಣುತ್ತದೆ. ಕಣ್ಣಿಗೆ ಕಾಣುವಷ್ಟು ಬಿಳುಪು ಬಂದಿದೆಯೆಂದರೆ ಆರ್‌ಎನ್‌ಎ ಧಾರಾಳವಾಗಿಯೇ ತಯಾರಾಗಿತ್ತು. ಆಮೇಲೆ ಏನೋ ಅದನ್ನು ಕತ್ತರಿಸಿದೆ. ಕೆಳಗಿನ ಮಬ್ಬು ಆ ಚೂರುಗಳೇ.

ನನ್ನ ಅನುಮಾನ ಮಿನಿಪ್ರೆಪ್ ಮೇಲೆ. ಬ್ಯಾಕ್ಟೀರಿಯಾದ ಆರ್‌ಎನ್‌ಎ ಕಳೆಯಲೆಂದು ಕಿಟ್‌ನ ಮೊದಲ ಬಫರಿಗೇ ಆರ್‌ಎನ್‌ಏಸ್ ಎ ಹಾಕಿರುತ್ತಾರೆ. ಕುದಿಸಿದರೂ ಜಗ್ಗದ ಕಿಣ್ವ ಅದು. ನೀರು ಎಷ್ಟೇ ಶುದ್ಧವಿರಲಿ, ಡಿಎನ್‌ಎ ಜೊತೆಗೇ ಒಳಗೆ ಬಂದಿರುತ್ತದೆ. ಒಳ್ಳೆಯ ಆರ್‌ಎನ್‌ಎ ಸ್ವಲ್ಪ ತಗೊಂಡು ಎರಡು ಪಾಲು ಮಾಡಿ, ಒಂದಕ್ಕೆ ಮಾತ್ರ ನಿಮ್ಮ ಡಿಎನ್‌ಎ ಹಾಕಿ, ಎರಡನ್ನೂ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಜೆಲ್ ಓಡಿಸಿ. ಡಿಎನ್‌ಎ ಹಾಕಿದ್ದು ಮಾತ್ರ ಮಾಯವಾದರೆ, ಆ ಕಿಣ್ವವನ್ನು ತೆಗೆಯಲು ಕತ್ತರಿಸಿದ ಪ್ಲಾಸ್ಮಿಡ್‌ಗೆ ಎಸ್‌ಡಿಎಸ್ ಮತ್ತು ಪ್ರೋಟೀನೇಸ್ ಕೆ ಕೊಟ್ಟು, ಫೀನಾಲ್-ಕ್ಲೋರೋಫಾರ್ಮ್ ಮಾಡಿ, ಎಥನಾಲ್‌ನಲ್ಲಿ ಇಳಿಸಿ.

ಪ್ರಶ್ನೆ: ಡಿಎನ್‌ಎ ಹಾಕಿದ್ದು ಪೂರ್ತಿ ಮಾಯ! ಫೀನಾಲ್ ಮಾಡಿದ ಮೇಲೆ 1200ರ ಬ್ಯಾಂಡ್ ದಪ್ಪಗೆ ಬಂತು, ತುಂಬಾ ಥ್ಯಾಂಕ್ಸ್. ಆದರೆ ಅದರ ಮೇಲೆ ತೆಳ್ಳಗೆ ಉದ್ದನೆಯದೊಂದು ಇದೆ.

ಉತ್ತರ: ಬಹಳ ಸಂತೋಷ. ಬ್ಯಾಕ್ಟೀರಿಯಾದ ಎಷ್ಟೋ ಜೀನ್‌ಗಳ ಕೊನೆಯಲ್ಲಿ ಆರ್‌ಎನ್‌ಎ ಹೇರ್‌ಪಿನ್‌ನಂತೆ ಮಡಚಿಕೊಂಡು, ಹಿಂದೆಯೇ ಯು ಸಾಲು ಬಂದು, ಪಾಲಿಮರೇಸ್ ಕಳಚಿಕೊಳ್ಳುತ್ತದೆ. ನಿಮ್ಮ ಟ್ಯೂಬ್‌ನಲ್ಲಿ ಅಂಥ ನಿಲುಗಡೆ ಇಲ್ಲ, ಡಿಎನ್‌ಎ ಮುಗಿದಲ್ಲೇ ನಿಲ್ಲಬೇಕು. ಕತ್ತರಿಸದೆ ಉಳಿದ ಪ್ಲಾಸ್ಮಿಡ್ ಇದ್ದರೆ ಪಾಲಿಮರೇಸ್ ಅದರ ಮೇಲೆ ಸುತ್ತುತ್ತಲೇ ಇರುತ್ತದೆ. ಅದೂ ಅಲ್ಲದೆ ಕೆಪಿಎನ್ ಒನ್ ಬಿಡುವ 3′ ಬಾಲದಲ್ಲಿ (ಒಂದೇ ಎಳೆ ಚಾಚಿಕೊಂಡ ತುದಿ) ಪಾಲಿಮರೇಸ್ ತಿರುಗಿ ಎದುರು ಎಳೆಯನ್ನು ಓದುವುದುಂಟು. 5′ ಬಾಲ ಬಿಡುವ ಇಕೋ ಆರ್ ಒನ್ ಅಥವಾ ಬ್ಯಾಮ್ ಎಚ್ ಒನ್‌ಗೆ ಬದಲಿಸಿ. ನಿಮ್ಮ 1200 ಬೇಸ್‌ನೊಳಗೆ ಅವು ಕತ್ತರಿಸುವ ಜಾಗ ಇಲ್ಲವೆಂದು ಮೊದಲು ಸೀಕ್ವೆನ್ಸ್ ನೋಡಿಕೊಳ್ಳಿ.