ಗುರುವಾರದ ರಜೆ ಮುಗಿಸಿ ಬಂದರೆ ಟ್ಯಾಂಕ್ ತಳದಲ್ಲಿ ತಾಮ್ರ

ಪ್ರಶ್ನೆ (ಭೋಸರಿ, ಪುಣೆ):
ನಮಸ್ಕಾರ. ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಹೋಲ್‌ಗಳಿಗೆ ಎಲೆಕ್ಟ್ರೋಲೆಸ್ ಕಾಪರ್ (ಕರೆಂಟ್ ಇಲ್ಲದೆ ರಾಸಾಯನಿಕವಾಗಿ ತಾಮ್ರ ಲೇಪನ), 200 ಲೀಟರ್ ಪಿಪಿ (ಪ್ಲಾಸ್ಟಿಕ್) ಟ್ಯಾಂಕ್, ಇಡಿಟಿಎ ಬಾತ್ (ತಾಮ್ರವನ್ನು ಕರಗಿದಂತೆಯೇ ಹಿಡಿದಿಡುವ ಇಡಿಟಿಎ ಇರುವ ಲೇಪನ ದ್ರಾವಣ). ಲೀಟರಿಗೆ ತಾಮ್ರ 2.5 ಗ್ರಾಂ, 37% ಫಾರ್ಮಾಲಿನ್ (ಫಾರ್ಮಾಲ್ಡಿಹೈಡ್ ದ್ರಾವಣ) 10 ಮಿಲಿ, ಪಿಎಚ್ 12.6, 45 ಡಿಗ್ರಿ. ಬುಧವಾರ ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಶುಕ್ರವಾರ ನೋಡಿದರೆ ತಳದಲ್ಲಿ ಕೆಂಪು ಪುಡಿ, ಗೋಡೆಗೆ ತಾಮ್ರ. ಸ್ಟೆಬಿಲೈಜರ್ (ಬಾತ್ ಕೆಡದಂತೆ ಹಾಕುವ ರಾಸಾಯನಿಕ) ಹೆಚ್ಚಿಸಿದರೆ ಹೋಲ್‌ಗಳಲ್ಲಿ ಲೇಪನವೇ ಕೂರುತ್ತಿಲ್ಲ.

ಉತ್ತರ (ಅಂಧೇರಿ, ಮುಂಬೈ):
ಮೇನ್ ಜೊತೆ ಬಾತ್‌ಗೆ ಗಾಳಿ ಊದುವ ಏರ್ ಪಂಪೂ ನಿಲ್ಲುತ್ತದಲ್ಲ, ಕೆಡುವುದು ಅಲ್ಲೇ. ಬಾತ್‌ನಲ್ಲಿ ಸದಾ ಸ್ವಲ್ಪ ಕ್ಯೂಪ್ರಸ್ (ಅರ್ಧ ದಾರಿಗೆ ಬಂದ ತಾಮ್ರದ ರೂಪ) ಹುಟ್ಟುತ್ತಿರುತ್ತದೆ. ಗಾಳಿಯ ಆಕ್ಸಿಜನ್ ಅದನ್ನು ಮತ್ತೆ ಕ್ಯೂಪ್ರಿಕ್ (ಬಾತ್‌ನಲ್ಲಿ ಕರಗಿರುವ ಮೂಲ ರೂಪ) ಮಾಡುತ್ತದೆ; ಗಾಳಿ ಇಲ್ಲದಿದ್ದರೆ ಅದೇ ತಾಮ್ರದ ಸಣ್ಣ ಕಣವಾಗುತ್ತದೆ. ಪ್ರತಿ ಕಣದ ಮೇಲೂ ಹೊಸ ತಾಮ್ರ ಕೂರುತ್ತದೆ, ಆಮೇಲೆ ತಡೆಯುವುದು ಕಷ್ಟ. ಪಂಪಿಗೂ 5 ಮೈಕ್ರಾನ್ ಫಿಲ್ಟರಿಗೂ ಬೇರೆ ಲೈನ್ ಕೊಡಿ. ಸ್ಟೆಬಿಲೈಜರ್ ಈ ಕಾಯಿಲೆಗೆ ಮದ್ದಲ್ಲ ಸರ್; ಬೈಪಿರಿಡಿಲ್‌ನಂಥ ಸ್ಟೆಬಿಲೈಜರ್ ಮಿತಿ ಮೀರಿದರೆ ಹೋಲ್‌ಗಳಲ್ಲಿ ಲೇಪನ ಶುರು ಮಾಡುವ ಪಲ್ಲಾಡಿಯಂ ಮೇಲೂ ತಾಮ್ರ ಹಿಡಿಯುವುದಿಲ್ಲ. ಆಕ್ಟಿವೇಟರ್ (ಪಲ್ಲಾಡಿಯಂ ಹಚ್ಚುವ ಹಂತ) ಆದ ಮೇಲಿನ ತೊಳೆತವನ್ನೂ ಪರೀಕ್ಷಿಸಿ. ಬೋರ್ಡಿನ ಜೊತೆ ಬರುವ ಪಲ್ಲಾಡಿಯಂ ಬಾತನ್ನು ಒಳಗಿಂದಲೇ ಒಡೆಯುತ್ತದೆ.

ಉತ್ತರ (ವೆರ್ಣಾ, ಗೋವಾ):
ಈಗಿನ ಬಾತನ್ನು ಫಿಲ್ಟರ್ ಮೂಲಕ ಶುದ್ಧ ಟ್ಯಾಂಕಿಗೆ ದಾಟಿಸಿ. ಖಾಲಿ ಟ್ಯಾಂಕಿನ ಗೋಡೆಯ ತಾಮ್ರವನ್ನು ಸೋಡಿಯಂ ಪರ್‌ಸಲ್ಫೇಟ್ (ಲೀಟರಿಗೆ 100 ಗ್ರಾಂ, ಜೊತೆಗೆ ತುಸು ಸಲ್ಫ್ಯೂರಿಕ್ ಆಮ್ಲ) ಹಾಕಿ ಪೂರ್ತಿ ಕರಗಿಸಿ, ಡಿಐ (ಲವಣ ತೆಗೆದ) ನೀರಲ್ಲಿ ಚೆನ್ನಾಗಿ ತೊಳೆಯಿರಿ. ಉಜ್ಜಬೇಡಿ, ಗೀರು ಬಿದ್ದ ಕಡೆಯೇ ಮುಂದೆ ತಾಮ್ರ ಹಿಡಿಯುತ್ತದೆ.

ಖರ್ಚಾದ ರಾಸಾಯನಿಕಗಳ ಭರ್ತಿಯನ್ನು ಲೆಕ್ಕ ಹಾಕಿಯೇ ಮಾಡಿ. 100 ಗ್ರಾಂ ತಾಮ್ರ ಕೂತರೆ ಕಾಪರ್ ಸಲ್ಫೇಟ್ (ನೀಲಿ ಹರಳು) ಸುಮಾರು 393 ಗ್ರಾಂ, ಕಾಸ್ಟಿಕ್ (ಸೋಡಿಯಂ ಹೈಡ್ರಾಕ್ಸೈಡ್) ಸುಮಾರು 250 ಗ್ರಾಂ, ಫಾರ್ಮಾಲಿನ್ ಸುಮಾರು 240 ಮಿಲಿ ಬೇಕು. ಕಾಸ್ಟಿಕ್‌ನಲ್ಲಿ ಫಾರ್ಮಾಲ್ಡಿಹೈಡ್ ತಾನಾಗಿಯೂ ಫಾರ್ಮೇಟ್, ಮೆಥನಾಲ್ ಆಗಿ ಸವೆಯುವುದರಿಂದ ಕಾಸ್ಟಿಕ್, ಫಾರ್ಮಾಲಿನ್ ಎರಡನ್ನೂ ಟೈಟ್ರೇಶನ್ (ಪ್ರಮಾಣ ಅಳೆಯುವ ಪರೀಕ್ಷೆ) ನೋಡಿ ಇನ್ನಷ್ಟು ಸೇರಿಸಬೇಕು. ಎಲ್ಲವನ್ನೂ ಒಂದೇ ಕಡೆ ಸುರಿಯಬೇಡಿ.

ಪ್ರಶ್ನೆ ಕೇಳಿದವರು:
ರಜೆಗೆ ಮುಂಚೆ ಪಿಎಚ್ ಇಳಿಸಬೇಕೇ? ಎಚ್‌ಸಿಎಲ್ (ಹೈಡ್ರೋಕ್ಲೋರಿಕ್ ಆಮ್ಲ) ಸ್ಟಾಕ್ ಇದೆ.

ಉತ್ತರ (ವೆರ್ಣಾ, ಗೋವಾ):
ಎಚ್‌ಸಿಎಲ್ ಮಾತ್ರ ಬೇಡವೇ ಬೇಡ. ಫಾರ್ಮಾಲ್ಡಿಹೈಡ್ ಜೊತೆ ಸೇರಿದರೆ ಬಿಸ್-ಕ್ಲೋರೋಮೀಥೈಲ್ ಈಥರ್ ಹುಟ್ಟಬಹುದು, ಅದು ಕ್ಯಾನ್ಸರ್ ತರುವ ವಿಷ. ಆ ಕ್ಯಾನು ಈ ಲೈನಿನ ಹತ್ತಿರವೂ ಇರಬಾರದು. ಬಾತ್ ತಣಿಸಿ, ಗಾಳಿ ಆಡಿಸುತ್ತ, 10% ಸಲ್ಫ್ಯೂರಿಕ್ ನಿಧಾನ ಬಿಟ್ಟು ಪಿಎಚ್ 10ಕ್ಕೆ ತನ್ನಿ, ಲೇಪನ ನಿಲ್ಲುತ್ತದೆ. ಇದು ದೀರ್ಘ ರಜೆಗೆ ಮಾತ್ರ. ಪ್ರತಿ ರಾತ್ರಿ ಮಾಡಿದರೆ ಸೋಡಿಯಂ ಸಲ್ಫೇಟ್ ತುಂಬಿ ಬಾತ್ ಬೇಗ ಮುದಿಯಾಗುತ್ತದೆ. ವಾರದ ಒಂದು ದಿನಕ್ಕೆ ಹೀಟರ್ ಆಫ್, ಗಾಳಿ ಆನ್ ಇದ್ದರೆ ಸಾಕು.