‘ಬ್ಯಾಟರಿ ಕುದಿಯುತ್ತಿದೆ’ ಅಂದರೆ ಬಿಸಿಯೋ, ಗುಳ್ಳೆಯೋ? ಬೇರೆ ಬೇರೆ ಪದ ಬೇಕಿವೆ

ಎಲ್ಲರಿಗೂ ನಮಸ್ಕಾರ.

ವಿಜಯಪುರ, ತಿಕೋಟಾ ಕಡೆಯ ತೋಟದ ಮನೆಗಳಿಗಾಗಿ ಸೋಲಾರ್ ಬ್ಯಾಟರಿ ನೋಡಿಕೊಳ್ಳುವ ಬಗ್ಗೆ ಕನ್ನಡದಲ್ಲಿ ಒಂದು ಹಾಳೆ ಬರೆಯುತ್ತಿದ್ದೇನೆ. ಬ್ಯಾಟರಿ ಇಟ್ಟ ಕಡೆ ಗೋಡೆಗೆ ಅಂಟಿಸುವಂಥದ್ದು. ನೀರು ಹಾಕುವುದು, ಒರೆಸುವುದು ಎಲ್ಲ ಸಲೀಸಾಗಿ ಬರೆದಾಯಿತು. ‘ಓವರ್‌ಹೀಟಿಂಗ್’ ಹತ್ತಿರ ಬಂದು ಗಾಡಿ ನಿಂತಿದೆ. ‘ಅಧಿಕ ತಾಪನ’ ಅಂತ ಬರೆದರೆ ತಪ್ಪೇನಿಲ್ಲ, ಆದರೆ ಆ ಮಾತನ್ನು ಯಾರೂ ಆಡುವುದಿಲ್ಲ. ಇಲ್ಲಿ ಫೋನಿನಲ್ಲಿ ಬರುವ ದೂರು ಒಂದೇ: “ಬ್ಯಾಟ್ರಿ ಕುದಿಲಾಕತ್ತೈತ್ರಿ, ಲಗೂನ ಬರ್ರಿ.”

ತೊಡಕು ಇರುವುದು ಈ ‘ಕುದಿ’ಯಲ್ಲೇ. ಸೀಸ-ಆಸಿಡ್ ಬ್ಯಾಟರಿಯ ಒಂದು ಸೆಲ್ಲಿಗೆ (ಒಳಗಿನ ಒಂದೊಂದು ಖಾನೆಗೆ) ಸುಮಾರು 2.4 ವೋಲ್ಟ್ ಹತ್ತಿರ ಬಂತು ಅಂದರೆ ಒಳಗಿನ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿ ಮೇಲೇಳುತ್ತದೆ. ಮುಚ್ಚಳ ತೆಗೆದರೆ ಗುಳುಗುಳು ಸಪ್ಪಳ, ಸಣ್ಣ ಗುಳ್ಳೆ. ನೋಡೋದಕ್ಕೆ ಒಲೆ ಮೇಲಿನ ಎಸರೇ. ಆದರೆ ಮೈ ಮುಟ್ಟಿದರೆ ಬರೀ ಬೆಚ್ಚಗೆ. ಚಾರ್ಜ್ ಮುಗಿಯುವ ಹೊತ್ತಿಗೆ ಎಲ್ಲ ಸೆಲ್‌ಗಳಲ್ಲೂ ಹೀಗೆ ಸ್ವಲ್ಪ ಗುಳ್ಳೆ ಎದ್ದರೆ ಅದು ಒಳ್ಳೆಯದೇ, ತಳಕ್ಕೆ ಕೂತ ಗಟ್ಟಿ ಆಸಿಡ್ ಕಲಕಿ ಮೇಲೆ ಬರುತ್ತದೆ. ಅಂದರೆ ‘ಕುದಿಯುತ್ತಿದೆ’ ಅಂತ ಗಾಬರಿಯಿಂದ ಹೇಳಿದ್ದು ಎಷ್ಟೋ ಸಲ ಆರೋಗ್ಯದ ಲಕ್ಷಣ. ಇನ್ನೊಂದು ಕಡೆ ನಿಜಕ್ಕೂ ಕೈ ಸುಡುವಷ್ಟು ಕಾದ ಬ್ಯಾಟರಿ ಒಂದು ಗುಳ್ಳೆಯನ್ನೂ ತೋರಿಸದೆ ಇರಬಹುದು. ಸೀಲ್ ಮಾಡಿದ್ದಾದರೆ ನೋಡಲು ಮುಚ್ಚಳವೇ ಇಲ್ಲ.

ಇದು ಬರೀ ಪದದ ಜಗಳ ಅಲ್ಲ ಅನ್ನೋದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಎರಡು 12 ವೋಲ್ಟಿನ ಟ್ಯೂಬುಲರ್ (ನೀರು ಹಾಕುವ ಬಗೆಯ) ಬ್ಯಾಟರಿ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು ಜೋಡಿಸಿ ಇವೆ ಅಂದುಕೊಳ್ಳಿ, ಒಂದೊಂದರಲ್ಲಿ ಆರು, ಒಟ್ಟು 12 ಸೆಲ್. ಚಾರ್ಜನ್ನು ಹತೋಟಿಯಲ್ಲಿಡುವ ಕಂಟ್ರೋಲರ್ 28.8 ವೋಲ್ಟ್‌ವರೆಗೆ ಏರಿಸುತ್ತದೆ, ಸೆಲ್ಲಿಗೆ 2.4. ಒಂದು ಸೆಲ್ ಒಳಗೇ ಶಾರ್ಟ್ ಆಗಿ ಸತ್ತಿದೆ. ಪಾಪ, ಕಂಟ್ರೋಲರ್‌ಗೆ ಅದು ಗೊತ್ತಿಲ್ಲ, ಅದೇ 28.8ನ್ನು ಉಳಿದ 11 ಸೆಲ್‌ಗಳ ಮೇಲೆ ಹೇರುತ್ತದೆ, ಸೆಲ್ಲಿಗೆ 2.6ರ ಮೇಲಾಯಿತು. ಆ ಹನ್ನೊಂದೂ ಭರ್ಜರಿ ಗುಳ್ಳೆ ಬಿಡುತ್ತವೆ, ನೀರು ಬೇಗ ಬೇಗ ಇಳಿಯುತ್ತದೆ, ಬ್ಯಾಟರಿ ಕಾಯುತ್ತದೆ. ಸತ್ತ ಸೆಲ್ ಮಾತ್ರ ತಣ್ಣಗೆ ಸುಮ್ನೆ ಕೂತಿರುತ್ತದೆ, ಅಥವಾ ಸಪ್ಪಳವಿಲ್ಲದೆ ಒಳಗೊಳಗೇ ಕಾಯುತ್ತಿರುತ್ತದೆ. ಈಗ ಮನೆಯವರನ್ನು ಕೇಳಿ, ಯಾವ ಸೆಲ್ ಕೆಟ್ಟಿದೆ ಅಂತ. “ಇದೊಂದ ಚಲೋ ಐತ್ರಿ, ಕುದಿಯಂಗಿಲ್ಲ. ಉಳಿದಾವೆಲ್ಲಾ ಕೆಟ್ಟಾವು” ಅಂತಾರೆ. ಪೂರ್ತಿ ಉಲ್ಟಾ! ಹೈಡ್ರೋಮೀಟರ್ ಇಟ್ಟು ನೋಡಿದರೆ ಬೇರೆ ಸೆಲ್‌ಗಳ ಗ್ರ್ಯಾವಿಟಿ (ಆಸಿಡ್ ಎಷ್ಟು ಗಟ್ಟಿ ಅನ್ನೋ ಅಳತೆ) 1240ರ ಆಸುಪಾಸು, ‘ಚಲೋ’ ಅಂದ ಸೆಲ್ಲಿನದು ಅದಕ್ಕಿಂತ ತುಂಬಾ ಕೆಳಗೆ. ಆ ಬ್ಯಾಟರಿಯನ್ನು ಬಿಡಿಸಿ ಕೆಲವು ಗಂಟೆ ಹಾಗೇ ಇಟ್ಟರೂ ಸರಿಯಿರುವ ಬ್ಯಾಟರಿಯಂತೆ 12.6 ವೋಲ್ಟ್ ಬರುವುದಿಲ್ಲ, 10.5ರ ಸುತ್ತಲೇ ನಿಲ್ಲುತ್ತದೆ. ‘ಕುದಿಯುವುದು = ಕೆಟ್ಟದ್ದು’ ಅಂತ ಹಾಳೆಯಲ್ಲಿ ಬರೆದುಬಿಟ್ಟರೆ ನಾನೇ ಈ ತಪ್ಪು ದಾರಿ ತೋರಿಸಿದ ಹಾಗೆ, ಅಲ್ವಾ?

ಮೆಕ್ಯಾನಿಕ್‌ಗಳು ‘ಗ್ಯಾಸ್ ಬಿಡ್ತೈತಿ’ ಅಂತಾರೆ. ನಿಖರವಾದ ಮಾತು. ಆದರೆ ಹಾಳೆ ಓದುವ ಮನೆಯಲ್ಲಿ ಗ್ಯಾಸ್ ಅಂದರೆ ಸಿಲಿಂಡರ್, ಇಲ್ಲವೇ ಅಜ್ಜನ ಹೊಟ್ಟೆ. ಹಾಗಾಗಿ ಸದ್ಯಕ್ಕೆ ‘ಗುಳ್ಳೆ ಏಳುವುದು’ ಅಂತ ಬರೆದಿದ್ದೇನೆ. ಗುಳ್ಳೆ ಅಂದರೆ ಮೈಮೇಲಿನ ಬೊಕ್ಕೆ ಅಂತಲೂ ಆಗುತ್ತದೆ ಅಂತ ಒಬ್ಬರು ಆಕ್ಷೇಪ ಎತ್ತಿದರು. ಬ್ಯಾಟರಿ ಮಾತಿನಲ್ಲಿ ಆ ಗೊಂದಲ ಬರುತ್ತದೆ ಅಂತ ನನಗೆ ಅನಿಸುವುದಿಲ್ಲ. ಹಾಂ, ಆ ಗುಳ್ಳೆಯಲ್ಲಿರುವುದು ಹೈಡ್ರೋಜನ್, ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಅದಕ್ಕೆ ‘ಇಲ್ಲಿ ಬೀಡಿ ಸೇದಬೇಡಿ’ ಅಂತ ದಪ್ಪಕ್ಷರದಲ್ಲಿ ಹಾಕಿದ್ದೇನೆ. ಅದಕ್ಕೆ ಯಾವ ಪದಚರ್ಚೆಯೂ ಬೇಕಾಗಲಿಲ್ಲ.

ಎರಡನೇ ತೊಡಕು, ಎಲ್ಲಿ ಬಿಸಿ ಅನ್ನೋದು. ಬ್ಯಾಟರಿ ಬಿಸಿ ಅಂತಾರೆ, ಹೋಗಿ ಮುಟ್ಟಿದರೆ ಡಬ್ಬಿ ಆರಾಮಾಗಿದೆ, ಟರ್ಮಿನಲ್ ಮಾತ್ರ ಸುಡುತ್ತಿದೆ. ನಟ್ ಸಡಿಲ, ಲಗ್ಗಿನ (ತಂತಿ ತುದಿಯ ಲೋಹದ ಬಳೆಯ) ಸುತ್ತ ಬಿಳಿ-ಹಸಿರು ಪುಡಿ. ಆ ಜೋಡಣೆಯಲ್ಲಿ 10 ಮಿಲಿಓಮ್ ಅಡ್ಡಿ ಇದೆ, ಮಿಕ್ಸರ್, ಫ್ಯಾನ್ ಎಲ್ಲ ಸೇರಿ 50 ಆಂಪಿಯರ್ ಎಳೆಯುತ್ತಿವೆ ಅಂದರೆ ಅಷ್ಟೇ ಜಾಗದಲ್ಲಿ 25 ವ್ಯಾಟ್ ಶಾಖ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯನ್ನು ಟರ್ಮಿನಲ್‌ಗೆ ಒತ್ತಿ ಹಿಡಿದಂತೆ. ಇದಕ್ಕೆ ಬ್ಯಾಟರಿ ಬದಲಾಯಿಸಬೇಕಾಗಿಲ್ಲ, ಬಿಚ್ಚಿ, ಉಜ್ಜಿ, ಬಿಗಿ ಮಾಡಿದರೆ ಮುಗಿಯಿತು. ಹಾಗಾಗಿ ‘ತಲೆ ಬಿಸಿ’, ‘ಮೈ ಬಿಸಿ’ ಅಂತ ಬೇರೆ ಮಾಡಿದೆ. ‘ತಲೆಬಿಸಿ’ ಓದಿ ಹುಡುಗರು ನಕ್ಕರು, ನಗಲಿ, ಮರೆಯುವುದಿಲ್ಲ. ಆ ಪುಡಿಗೆ ಇಲ್ಲಿ ಎಲ್ಲರೂ ‘ಜಂಗು’ ಅಂತಾರೆ. ಜಂಗು ಕಬ್ಬಿಣದ ತುಕ್ಕಿಗೆ ಸರಿ. ನನಗೆ ‘ಕಿಲುಬು’ ಇಷ್ಟ, ಹಿತ್ತಾಳೆ ಪಾತ್ರೆ ಇಟ್ಟುಕೊಂಡವರಿಗೆ ಗೊತ್ತಿರುವ ಪದ. ಈಗಿನವರಿಗೆ ಗೊತ್ತಿದೆಯೋ ಇಲ್ಲವೋ ನೀವೇ ಹೇಳಬೇಕು.

ಮೂರನೆಯದು ನಿಜವಾದ ಓವರ್‌ಹೀಟಿಂಗ್, ಎಲ್ಲ ಬ್ಯಾಟರಿಗಳ ಮೈಯೂ ಒಟ್ಟಿಗೆ ಕಾಯುವುದು. ನಮ್ಮ ಕಡೆ ಇದಕ್ಕೆ ಅರ್ಧ ಕಾರಣ ಜಾಗ. ಮಣೂಕದ (ಒಣದ್ರಾಕ್ಷಿಯ) ಶೆಡ್ಡಿನ ಪಕ್ಕ ಒಂದು ಪತ್ರಾಸಿನ (ತಗಡಿನ) ಕೋಣೆ, ಕಿಟಕಿ ಇಲ್ಲ, ಬ್ಯಾಟರಿಗಳು ಒಂದಕ್ಕೊಂದು ಅಂಟಿಕೊಂಡು ಕೂತಿವೆ, ಹೊರಗೆ ಮೇ ತಿಂಗಳ 42 ಡಿಗ್ರಿ. ಕಾದ ಬ್ಯಾಟರಿಗೆ ಕಡಿಮೆ ವೋಲ್ಟೇಜ್ ಕೊಡಬೇಕು, ಸಾಮಾನ್ಯ ಲೆಕ್ಕ ಒಂದು ಡಿಗ್ರಿಗೆ ಸೆಲ್ಲಿಗೆ 4 ಮಿಲಿವೋಲ್ಟ್‌ನಂತೆ. 25 ಡಿಗ್ರಿಯಲ್ಲಿ 28.8 ಸರಿಯಾದರೆ 42ರಲ್ಲಿ 28 ಸಾಕು. ಇದನ್ನು ತಾನಾಗಿಯೇ ಇಳಿಸುವ ಕಂಟ್ರೋಲರ್‌ಗಳಿವೆ. ಆದರೆ ಅದರ ಸೆನ್ಸರ್ ಬ್ಯಾಟರಿ ಮೈಗೆ ಅಂಟಿರಬೇಕು, ಅದು ನೆರಳಿನ ಗೋಡೆಯ ಮೇಲೆ ಜೋತಾಡುತ್ತಿದ್ದರೆ ಬ್ಯಾಟರಿಯ ಜ್ವರ ಅದಕ್ಕೆ ಹೇಗೆ ತಿಳಿಯಬೇಕು? ವೋಲ್ಟೇಜ್ ಇಳಿಯದೆ ಹೋದರೆ ಕಾದಷ್ಟೂ ಹೆಚ್ಚು ಕರೆಂಟ್ ಎಳೆಯುತ್ತದೆ, ಎಳೆದಷ್ಟೂ ಕಾಯುತ್ತದೆ. ಸೀಲ್ ಮಾಡಿದ ಬ್ಯಾಟರಿಗಳಲ್ಲಿ ಇದು ಜಾಸ್ತಿ, ಕೊನೆಗೆ ಡಬ್ಬಿ ಉಬ್ಬುತ್ತದೆ, ಕೊಳೆತ ಮೊಟ್ಟೆ ವಾಸನೆ ಬರುತ್ತದೆ.

ಈ ಕೊನೆಯ ಸ್ಥಿತಿಗೆ ಇಂಗ್ಲಿಷಿನಲ್ಲಿ ‘ಥರ್ಮಲ್ ರನ್‌ಅವೇ’ ಅಂತಾರೆ, ಅದನ್ನು ‘ಉಷ್ಣ ಪಲಾಯನ’ ಅಂತ ಒಬ್ಬ ಗೆಳೆಯರು ಅನುವಾದಿಸಿ ಕೊಟ್ಟರು. ಓದಿದರೆ ಬಿಸಿ ಓಡಿಹೋಯಿತು, ಬ್ಯಾಟರಿ ತಣ್ಣಗಾಯಿತು ಅನಿಸುತ್ತದೆ! ಆಗುವುದು ಅದರ ವಿರುದ್ಧ. ನಾನು ‘ಕೈಮೀರಿದ ಕಾವು’ ಅಂತ ಹಾಕಿದ್ದೇನೆ. ಬಿಸಿ ಅನ್ನದೆ ಕಾವು ಅಂದದ್ದು ಯಾಕೆ ಅಂದರೆ, ಬಿಸಿ ಬಂದು ಹೋಗುವಂಥದ್ದು. ಕಾವು ನಿಧಾನ ಏರಿ ಒಳಗೆ ನಿಲ್ಲುತ್ತದೆ, ಕೋಳಿ ಮೊಟ್ಟೆಗೆ ಕೊಡುವುದೂ ಕಾವೇ. ಬ್ಯಾಟರಿ ಬ್ಯಾಂಕು ಭಾರದ ವಸ್ತು, ಬೆಳಗ್ಗೆಯಿಂದ ಕಾದದ್ದು ಸಂಜೆಯಾದರೂ ಆರುವುದಿಲ್ಲ.

ಹಾಗಾಗಿ ಕೇಳಬೇಕಾದ್ದು ಇಷ್ಟು. ‘ಗುಳ್ಳೆ ಏಳುವುದು’ ಬದಲು ಇನ್ನೂ ಚಿಕ್ಕ ಮಾತು ಇದೆಯಾ? ಬಾಗಲಕೋಟೆ ಕಡೆಯವರು ನೊರೆಗೆ ‘ಬುರುಗು’ ಅಂತಾರಲ್ಲ, ‘ಬುರುಗು ಏಳತೈತಿ’ ಅಂದರೆ ಬ್ಯಾಟರಿಗೆ ಒಗ್ಗುತ್ತದಾ, ಅಥವಾ ಬೆಲ್ಲದ ಕೊಪ್ಪರಿಗೆಯೇ ಕಣ್ಣ ಮುಂದೆ ಬರುತ್ತದಾ? ಸೆಲ್ಲಿಗೆ ಪಠ್ಯಪುಸ್ತಕದ ‘ಕೋಶ’ವನ್ನು ನಾನಂತೂ ಬಳಸುವುದಿಲ್ಲ, ಅದರ ಪರ ವಾದಿಸುವವರು ಒಂದು ಸಲ ಬ್ಯಾಟರಿ ಅಂಗಡಿಗೆ ಹೋಗಿ ‘ಮೂರನೇ ಕೋಶ ನೋಡಿ’ ಅಂದು ಬನ್ನಿ. ಮತ್ತೆ ‘ಕುದಿ’ಯನ್ನು ಪೂರ್ತಿ ಬಿಡಬೇಕೋ, ಇಟ್ಟುಕೊಂಡು ಪಕ್ಕದಲ್ಲೇ ‘ಮುಟ್ಟಿ ನೋಡಿದರೆ ಬಿಸಿ ಇದೆಯಾ?’ ಅಂತ ಕೇಳಬೇಕೋ? ನನ್ನ ಒಲವು ಎರಡನೆಯದಕ್ಕೆ. ಜನ ಅದೇ ಮಾತು ಹೇಳಿ ಫೋನ್ ಮಾಡುತ್ತಾರೆ, ಹಾಳೆಯಲ್ಲಿ ಆ ಮಾತೇ ಇಲ್ಲದಿದ್ದರೆ ಅವರು ಹುಡುಕುವುದಾದರೂ ಏನನ್ನು?

ಬೆಳಗಾವಿ ಗ್ಯಾರೇಜುಗಳಲ್ಲಿ ಕೆಲಸ ಮಾಡಿದವರು ಇದ್ದರೆ ಅಲ್ಲಿ ಟ್ರ್ಯಾಕ್ಟರ್ ಬ್ಯಾಟರಿಗೆ ಏನಂತಾರೆ ಅಂತ ಬರೆಯಿರಿ. ಮರಾಠಿ ಪದವಾದರೂ ಪರವಾಗಿಲ್ಲ.